ನಿಯಮದ ಸಂದುಗಳಲ್ಲಿ ಆಡಿದ ಕೋಚ್: ಪಾಪ್ ವಾರ್ನರ್

1903ರ ಅಕ್ಟೋಬರ್ 31. ಹಾರ್ವರ್ಡ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಎರಡನೆಯ ಅರ್ಧ ಆಗಷ್ಟೇ ಶುರುವಾಗಿತ್ತು. ಹಾರ್ವರ್ಡ್ ಒದ್ದ ಚೆಂಡು ಎದುರಾಳಿ ಕಾರ್ಲೈಲ್ ತಂಡದ ಜಿಮ್ಮಿ ಜಾನ್ಸನ್‌ನ ಕೈಸೇರಿತು. ಸಂಗಡಿಗರು ಓಡಿಬಂದು ಅವನನ್ನು ಸುತ್ತುವರಿದರು. ಒಂದೆರಡು ಕ್ಷಣಗಳಲ್ಲಿ ಆ ಗುಂಪು ಒಡೆಯಿತು. ಒಬ್ಬೊಬ್ಬನೂ ಒಂದೊಂದು ದಿಕ್ಕಿಗೆ ಓಡತೊಡಗಿದ. ಕೆಲವರು ತಮ್ಮ ಚರ್ಮದ ಶಿರಸ್ತ್ರಾಣವನ್ನೇ ಚೆಂಡೆಂಬಂತೆ ಹೊಟ್ಟೆಗೆ ಅವುಚಿಕೊಂಡಿದ್ದರು. ಹಾರ್ವರ್ಡ್ ಆಟಗಾರರು ಸಿಕ್ಕಸಿಕ್ಕವರನ್ನು ಕೆಡವಿದರು. ಯಾರ ಬಳಿಯೂ ಚೆಂಡಿಲ್ಲ. ಅಷ್ಟರಲ್ಲಿ ಚಾರ್ಲಿ ಡಿಲನ್ ಎಂಬ ದಢೂತಿ ಆಟಗಾರ ಎರಡೂ ಕೈ ಬೀಸಿಕೊಂಡು ಎದುರಾಳಿಯ ಗೋಲು ಗೆರೆಯತ್ತ ಓಡುತ್ತಿದ್ದ. ಬರಿಗೈಯಲ್ಲಿ ಓಡುವವನನ್ನು ಯಾರು ತಡೆಯುತ್ತಾರೆ? ಕೊನೆಯಲ್ಲಿ ನಿಂತಿದ್ದ ಹಾರ್ವರ್ಡ್ ನಾಯಕ ಕಾರ್ಲ್ ಮಾರ್ಷಲ್‌ ಕೂಡ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟ. ಡಿಲನ್ ದಾಟಿಹೋದ ಮೇಲೆ ಅವನ ಬೆನ್ನಿನ ಮೇಲಿದ್ದ ಗುಬುಟು ಕಣ್ಣಿಗೆ ಬಿದ್ದಿತು. ಚೆಂಡು ಅಲ್ಲಿತ್ತು, ಜೆರ್ಸಿಯ ಒಳಗೆ. ಗೋಲು ಗೆರೆ ದಾಟಿದ ಮೇಲೆ ಜಾನ್ಸನ್ ಅದನ್ನು ಹೊರಗೆಳೆದು ನೆಲಕ್ಕೆ ಮುಟ್ಟಿಸಿದ.

ಜೆರ್ಸಿಯ ಅಂಚಿಗೆ ದರ್ಜಿಯಿಂದ ಎಲಾಸ್ಟಿಕ್ ಹೊಲಿಸಿದ್ದವನು ತಂಡದ ಕೋಚ್ ಗ್ಲೆನ್ ವಾರ್ನರ್. ಇಂಥದ್ದೊಂದು ಆಟ ಬರಲಿದೆ, ಕಣ್ಣಿಟ್ಟಿರಿ ಎಂದು ಅವನು ರೆಫರಿಗೆ ಮೊದಲೇ ಹೇಳಿಟ್ಟಿದ್ದನಂತೆ. ರೆಫರಿಗೆ ಬೇರೆ ದಾರಿ ಇರಲಿಲ್ಲ. ಚೆಂಡನ್ನು ಬಟ್ಟೆಯೊಳಗೆ ಇಡಬಾರದು ಎಂದು ಆಗಿನ ನಿಯಮ ಪುಸ್ತಕದ ಯಾವ ಪುಟದಲ್ಲೂ ಬರೆದಿರಲಿಲ್ಲ. 1981ರಲ್ಲಿ ಮೆಲ್ಬರ್ನ್‌ನಲ್ಲಿ ಟ್ರೆವರ್ ಚಾಪೆಲ್ ಕೊನೆಯ ಎಸೆತವನ್ನು ನೆಲದ ಮೇಲೆ ಉರುಳಿಸಿದ್ದು ಕ್ರಿಕೆಟ್ ನೋಡುವವರಿಗೆ ನೆನಪಿರಬಹುದು. ಅದೂ ಆ ದಿನ ನಿಯಮಬದ್ಧವೇ ಆಗಿತ್ತು. ವ್ಯತ್ಯಾಸವೆಂದರೆ ಚಾಪೆಲ್ ಸಹೋದರರಿಗೆ ಜನ್ಮವಿಡೀ ಅದರ ಮುಜುಗರ ಅಂಟಿತು. ವಾರ್ನರ್‌ನ ಹೆಸರು ಮಾತ್ರ ಬೆಳೆಯುತ್ತಲೇ ಹೋಯಿತು. ಆ ಪಂದ್ಯವನ್ನು ಕಾರ್ಲೈಲ್ ಗೆಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 11-0 ಮುಂದಿದ್ದ ತಂಡ ಕೊನೆಗೆ 12-11ರಲ್ಲಿ ಸೋತಿತು.

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೊದಲ ತಲೆಮಾರಿನ ಕೋಚ್‌ಗಳಲ್ಲಿ ಅಲೋನ್ಜೊ ಸ್ಟ್ಯಾಗ್, ಜಾನ್ ಹೈಸ್ಮನ್, ಫೀಲ್ಡಿಂಗ್ ಯೋಸ್ಟ್ ಹೀಗೆ ಹಲವರು ಬರುತ್ತಾರೆ. ಆ ವೃತ್ತಿ ಹುಟ್ಟಿದ ಬಗೆ ಮತ್ತು ಅದರ ಹೊಳಪು ಕೊಳೆಗಳನ್ನು ಒಟ್ಟಿಗೇ ನೋಡಬೇಕೆಂದರೆ ನಾನು ಆರಿಸಿಕೊಳ್ಳುವುದು ವಾರ್ನರ್‌ನನ್ನು. ನಿಯಮದಲ್ಲಿ ಇಲ್ಲದ್ದೆಲ್ಲ ಮಾಡಬಹುದಾದದ್ದೇ ಎಂಬುದು ಅವನ ಓದು. ಆ ಓದಿನಿಂದ ಆಟಕ್ಕೆ ಬಂದ ಲಾಭ ದೊಡ್ಡದು. ಅದೇ ಓದನ್ನು ಅವನು ಮೈದಾನದ ಆಚೆಗೂ ಒಯ್ದಾಗ ಬೆಲೆ ತೆತ್ತವರು ಬೇರೆಯವರು.

ಮೊದಲು ಆಟವನ್ನು ಸ್ವಲ್ಪ ತಿಳಿದುಕೊಳ್ಳೋಣ. 1869ರಲ್ಲಿ ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ್ದನ್ನು ಮೊದಲ ಪಂದ್ಯವೆಂದು ಎಣಿಸುತ್ತಾರೆ. ಆದರೆ ಅದು ನಾವು ಬಲ್ಲ ಸಾಕರ್‌ಗೇ ಹತ್ತಿರವಿತ್ತು. ಮುಂದೆ ಕಾಲೇಜುಗಳು ರಗ್ಬಿಯತ್ತ ವಾಲಿದವು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು ಬಂದಿತು. ಯೇಲ್‌ನ ವಾಲ್ಟರ್ ಕ್ಯಾಂಪ್ 1880ರಲ್ಲಿ ಒಂದು ಬದಲಾವಣೆ ತಂದ. ರಗ್ಬಿಯಲ್ಲಿ ಎರಡೂ ತಂಡಗಳು ಚೆಂಡಿಗಾಗಿ ಒಟ್ಟಿಗೆ ಗುದ್ದಾಡುತ್ತವೆ. ಇಲ್ಲಿ ಹಾಗಲ್ಲ, ಚೆಂಡು ಒಂದು ತಂಡದ ವಶದಲ್ಲಿರುತ್ತದೆ. ಸಾಲಿನ ನಡುವಿನ ಆಟಗಾರ ಅದನ್ನು ಹಿಂದಕ್ಕೆ ಕೊಟ್ಟಾಗ ಆಟ ಶುರು, ಚೆಂಡು ಹಿಡಿದವನನ್ನು ಕೆಡವಿದಾಗ ಆ ಸರದಿ ಮುಗಿಯಿತು. ಹೀಗೆ ಬಿಟ್ಟರೆ ಒಂದೇ ತಂಡ ದಿನವಿಡೀ ಚೆಂಡು ಹಿಡಿದು ಕುಳಿತೀತು. ಅದಕ್ಕಾಗಿ 1882ರಲ್ಲಿ ಇನ್ನೊಂದು ಷರತ್ತು ಸೇರಿತು: ಮೂರು ಸರದಿಗಳಲ್ಲಿ ಐದು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ.

ಈ ಎರಡು ನಿಯಮಗಳಿಂದ ಆಟದ ಸ್ವರೂಪವೇ ಬದಲಾಯಿತು. ಪ್ರತಿ ಸರದಿಯ ಮೊದಲು ಆಟ ನಿಲ್ಲುತ್ತದೆ, ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬರುತ್ತಾರೆ. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ತಡೆಯಬೇಕು ಎಂದು ಮುಂಚೆಯೇ ಯೋಜಿಸಬಹುದು. ಸಾಕರ್ ಕೋಚ್ ಪಂದ್ಯ ಶುರುವಾದ ಮೇಲೆ ಬಹುಪಾಲು ಪ್ರೇಕ್ಷಕ. ಇಲ್ಲಿ ಹಾಗಲ್ಲ, ಕಾಗದದ ಮೇಲೆ ಗೆರೆ ಎಳೆದು ಕೂರುವ ಮನುಷ್ಯನಿಗೆ ಆಟದಲ್ಲೇ ಕೆಲಸ ಹುಟ್ಟಿತು. ಮೊದಮೊದಲು ಆ ಕೆಲಸವನ್ನು ತಂಡದ ನಾಯಕನೋ ಹಳೆಯ ವಿದ್ಯಾರ್ಥಿಯೋ ಮಾಡುತ್ತಿದ್ದ. ಸಂಬಳ ಕೊಟ್ಟು ಕೋಚ್‌ನನ್ನು ಕರೆಸಿಕೊಳ್ಳುವುದು 1890ರ ದಶಕದಲ್ಲಿ ಹಬ್ಬಿತು. ವಾರ್ನರ್ ಕಾಲಿಟ್ಟಿದ್ದು ಸರಿಯಾಗಿ ಆ ಹೊತ್ತಿಗೆ.

ಅವನು ಅಲ್ಲಿಗೆ ಬಂದ ದಾರಿಯೂ ಸೊಗಸಾಗಿದೆ. ಹುಟ್ಟಿದ್ದು 1871ರ ಏಪ್ರಿಲ್ 5ರಂದು, ನ್ಯೂಯಾರ್ಕ್ ರಾಜ್ಯದ ಸ್ಪ್ರಿಂಗ್‌ವಿಲ್‌ನಲ್ಲಿ. 1892ರ ಬೇಸಿಗೆಯಲ್ಲಿ ಕುದುರೆ ಜೂಜಿನಲ್ಲಿ ಒಂದಿಷ್ಟು ಗೆದ್ದ, ಆಸೆ ಹೆಚ್ಚಿ ಮತ್ತೆ ಆಡಿದ, ಕೈಯಲ್ಲಿದ್ದದ್ದೆಲ್ಲ ಹೋಯಿತು. ಅಪ್ಪನಿಗೆ ನಿಜ ಹೇಳುವ ಧೈರ್ಯವಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ನಿರ್ಧರಿಸಿದ್ದೇನೆ, ಹಣ ಬೇಕು ಎಂದು ಪತ್ರ ಬರೆದ. ಮಗ ವಕೀಲನಾಗುವುದು ಅಪ್ಪನ ಆಸೆಯೂ ಆಗಿದ್ದರಿಂದ 100 ಡಾಲರ್ ಬಂದಿತು. ಇನ್ನು ಹಿಂದೆ ಸರಿಯುವಂತಿರಲಿಲ್ಲ, ರೈಲು ಹತ್ತಿದ. ಅದೇ ರೈಲಿನಲ್ಲಿ ಕಾರ್ನೆಲ್ ಫುಟ್‌ಬಾಲ್ ತಂಡದ ನಾಯಕ ಸಿಕ್ಕಿ, ಇವನ ಮೈಕಟ್ಟು ನೋಡಿ ಅಭ್ಯಾಸಕ್ಕೆ ಬಾ ಎಂದ. ಹೊಸ ವಿದ್ಯಾರ್ಥಿಗಳ ನಡುವೆ ವಯಸ್ಸಿನಲ್ಲಿ ಹಿರಿಯನಾಗಿದ್ದ ವಾರ್ನರ್‌ನನ್ನು ಹುಡುಗರು ‘ಪಾಪ್’, ಅಂದರೆ ಅಪ್ಪಯ್ಯ, ಎಂದು ಕರೆದರು. ಹೆಸರು ಸಾಯುವವರೆಗೂ ಉಳಿಯಿತು.

ಕಾನೂನು ಪದವಿ ಪಡೆದು ಬಫಲೋ ನಗರದಲ್ಲಿ ಕೆಲವು ತಿಂಗಳು ವಕೀಲಿಕೆ ನಡೆಸಿದ. 1895ರಲ್ಲಿ ಅಯೋವಾದ ಕೃಷಿ ಕಾಲೇಜು ವಾರಕ್ಕೆ 25 ಡಾಲರ್ ಕೊಡುತ್ತೇವೆ, ತಂಡವನ್ನು ತಯಾರು ಮಾಡು ಎಂದಿತು. ಜಾರ್ಜಿಯಾ ವಿಶ್ವವಿದ್ಯಾಲಯ ಅದಕ್ಕಿಂತ ಹೆಚ್ಚು ಕೊಡಲು ಮುಂದೆ ಬಂದಿತು. ವಾರ್ನರ್ ಎರಡನ್ನೂ ಒಪ್ಪಿಕೊಂಡ. ಆಗಸ್ಟ್ ಮಧ್ಯದಿಂದ ಅಯೋವಾದಲ್ಲಿ ತಾಲೀಮು ಮಾಡಿಸಿ, ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾಕ್ಕೆ ಹೋಗುವುದು, ಆಮೇಲೆ ಅಯೋವಾಕ್ಕೆ ದೂರದಿಂದಲೇ ಸಲಹೆ ಕಳಿಸುವುದು. ಒಂದೇ ಋತುವಿನಲ್ಲಿ ಎರಡು ಕಾಲೇಜುಗಳ ಸಂಬಳ ಪಡೆಯಬಾರದೆಂದು ಯಾರೂ ಬರೆದಿರಲಿಲ್ಲವಲ್ಲ! ಅವನು ತಯಾರು ಮಾಡಿದ ಅಯೋವಾ ತಂಡ ಆ ಸೆಪ್ಟೆಂಬರ್‌ನಲ್ಲಿ ನಾರ್ತ್‌ವೆಸ್ಟರ್ನ್ ತಂಡವನ್ನು 36-0ರಿಂದ ಹೊಡೆಯಿತು. ಚಂಡಮಾರುತ ಬಡಿದಂತಾಯಿತೆಂದು ಚಿಕಾಗೋದ ಪತ್ರಿಕೆ ಬರೆಯಿತು. ಇಂದಿನ ಅಯೋವಾ ಸ್ಟೇಟ್ ತಂಡಗಳಿಗೆ ‘ಸೈಕ್ಲೋನ್ಸ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಮರುವರ್ಷ ಜಾರ್ಜಿಯಾ ಒಂದೂ ಪಂದ್ಯ ಸೋಲಲಿಲ್ಲ. ಎರಡು ವರ್ಷ ತನ್ನ ಹಳೆಯ ಕಾರ್ನೆಲ್‌ನಲ್ಲೂ ಕೆಲಸ ಮಾಡಿ, 1899ರಲ್ಲಿ ವಾರ್ಷಿಕ 1,200 ಡಾಲರ್ ಸಂಬಳಕ್ಕೆ ಅವನು ಪೆನ್ಸಿಲ್ವೇನಿಯಾದ ಕಾರ್ಲೈಲ್ ಸೇರಿದ.

ಕಾರ್ಲೈಲ್ ಎಂದರೇನು ಎಂಬುದನ್ನು ಬಿಟ್ಟು ವಾರ್ನರ್‌ನ ಕಥೆ ಹೇಳಲಾಗದು. ಅಮೆರಿಕದ ಸೈನ್ಯ ಮೂಲನಿವಾಸಿಗಳ ನೆಲವನ್ನು ಕಸಿದುಕೊಂಡು ಅವರನ್ನು ಮೀಸಲು ಪ್ರದೇಶಗಳಿಗೆ ಅಟ್ಟಿದ ಕಾಲವದು. ಅವರ ಮಕ್ಕಳನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೇನಾಧಿಕಾರಿ ಉತ್ತರವೊಂದನ್ನು ಕೊಟ್ಟ. ಅವರನ್ನು ದೂರ ತಂದು ವಸತಿ ಶಾಲೆಯಲ್ಲಿಟ್ಟು ಬಿಳಿಯರಂತೆ ಬೆಳೆಸಬೇಕು. 1879ರಲ್ಲಿ ಹಳೆಯ ಸೇನಾ ಬ್ಯಾರಕ್‌ಗಳಲ್ಲಿ ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಸ್ಕೂಲ್ ಶುರುವಾಯಿತು (ಬಿಳಿಯರ ಮಾತಿನಲ್ಲಿ ‘ಇಂಡಿಯನ್’ ಎಂದರೆ ಆ ಮೂಲನಿವಾಸಿಗಳು). ಬಂದ ಮಕ್ಕಳ ಕೂದಲು ಕತ್ತರಿಸುತ್ತಿದ್ದರು, ಹೆಸರು ಬದಲಿಸುತ್ತಿದ್ದರು, ತಾಯ್ನುಡಿ ಆಡಿದರೆ ಶಿಕ್ಷಿಸುತ್ತಿದ್ದರು. ಅರ್ಧ ದಿನ ಪಾಠ, ಅರ್ಧ ದಿನ ಕಸುಬು. ಅವರೊಳಗಿನ ಇಂಡಿಯನ್ನನನ್ನು ಕೊಂದು ಮನುಷ್ಯನನ್ನು ಉಳಿಸಬೇಕು ಎಂದು ಪ್ರಾಟ್ 1892ರಲ್ಲಿ ಭಾಷಣ ಮಾಡಿದ್ದ, ಅದೂ ಉಪಕಾರದ ಧ್ವನಿಯಲ್ಲಿ. ಶಾಲೆಯ ಸ್ಮಶಾನದಲ್ಲಿ 180ಕ್ಕೂ ಹೆಚ್ಚು ಸಮಾಧಿಗಳಾದವು. 2017ರಿಂದ ಆ ಮಕ್ಕಳ ಅವಶೇಷಗಳನ್ನು ಒಂದೊಂದಾಗಿ ಅವರವರ ಜನಾಂಗಕ್ಕೆ ಹಿಂದಿರುಗಿಸುವ ಕೆಲಸ ನಡೆದಿದೆ.

ಹುಡುಗನೊಬ್ಬನ ಕಾಲು ಮುರಿದದ್ದಕ್ಕೆ ಪ್ರಾಟ್ ಮೊದಲು ಫುಟ್‌ಬಾಲ್ ನಿಲ್ಲಿಸಿದ್ದ. ಹುಡುಗರೇ ಗುಂಪಾಗಿ ಹೋಗಿ ಕೇಳಿಕೊಂಡಾಗ ಎರಡು ಷರತ್ತು ಹಾಕಿ ಒಪ್ಪಿದನಂತೆ: ಎದುರಾಳಿ ಗುದ್ದಿದರೂ ನೀವು ಗುದ್ದಬಾರದು, ಮತ್ತು ಕೆಲವು ವರ್ಷಗಳಲ್ಲಿ ದೇಶದ ದೊಡ್ಡ ತಂಡಗಳನ್ನು ಸೋಲಿಸಬೇಕು. ತನ್ನ ಶಾಲೆಯ ಜಾಹೀರಾತಾಗಿ ಅವನಿಗೆ ಈ ತಂಡ ಬೇಕಿತ್ತು. ಹುಡುಗರಿಗೆ ಬೇಕಿದ್ದದ್ದು ಬೇರೆ. ಬಿಳಿಯರ ಎದುರು ಸಮಾನ ನಿಯಮದಲ್ಲಿ ನಿಲ್ಲಲು ಅವರಿಗಿದ್ದ ಜಾಗವೆಂದರೆ ಆ ಮೈದಾನ. ಪಂದ್ಯಗಳು ಬಹುತೇಕ ಪರಸ್ಥಳದಲ್ಲೇ. ತಂಡ ಋತುವಿಡೀ ರೈಲಿನಲ್ಲಿ ಅಲೆಯುತ್ತಿತ್ತು. ದೊಡ್ಡ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ಇವರ ತೂಕ ಕಡಿಮೆ, ಬದಲಿ ಆಟಗಾರರೂ ಕಡಿಮೆ. ಆದರೆ ಓಟ ಚುರುಕು, ಹೇಳಿಕೊಟ್ಟದ್ದನ್ನು ಕಲಿಯುವ ವೇಗ ಇನ್ನೂ ಚುರುಕು. ಬಲಕ್ಕೆ ಬಲ ಕೊಡಲಾಗದ ಇಂಥ ತಂಡ ಕೈಗೆ ಸಿಕ್ಕದ್ದರಿಂದಲೇ ವಾರ್ನರ್ ಅಷ್ಟೊಂದು ಹೊಸದನ್ನು ಹುಡುಕಬೇಕಾಯಿತು. ಅವನ ಪ್ರತಿಭೆಯ ಬಗ್ಗೆ ಬರೆಯುವವರು ಅದರ ಅರ್ಧ ಪಾಲನ್ನು ಆ ಹುಡುಗರ ಖಾತೆಗೆ ಹಾಕುವುದನ್ನು ಮರೆಯುತ್ತಾರೆ.

ಆ ಹೊತ್ತಿಗೆ ಆಟ ಕೊಲೆಗಡುಕವಾಗಿತ್ತು. ಮೂರು ಸರದಿಗೆ ಐದೇ ಗಜ ಸಾಕಿತ್ತು. ಹಾಗಾಗಿ ಹತ್ತು ಮಂದಿ ಒಬ್ಬರಿಗೊಬ್ಬರು ಅಂಟಿಕೊಂಡು, ಚೆಂಡು ಹಿಡಿದವನನ್ನು ಹಿಂದಿನಿಂದ ನೂಕುತ್ತ ಎದುರಾಳಿ ಸಾಲಿಗೆ ಢಿಕ್ಕಿ ಹೊಡೆಯುವುದೇ ತಂತ್ರವಾಗಿತ್ತು. 1905ರ ಋತುವಿನಲ್ಲಿ ಆಟದಿಂದ ಸತ್ತವರು 18 ಮಂದಿ ಎಂದು ಚಿಕಾಗೋ ಟ್ರಿಬ್ಯೂನ್ ಲೆಕ್ಕ ಹಾಕಿತು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಆ ಅಕ್ಟೋಬರ್‌ನಲ್ಲೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದ್ದ. ಆಟವನ್ನೇ ನಿಷೇಧಿಸಬೇಕೆಂಬ ಕೂಗಿನ ನಡುವೆ 1906ರಲ್ಲಿ ನಿಯಮಗಳು ಬದಲಾದವು. ಐದು ಗಜದ ಬದಲು ಹತ್ತು ಗಜ ಸಾಗಬೇಕು. ಎರಡು ಸಾಲುಗಳ ನಡುವೆ ಚೆಂಡಿನ ಉದ್ದದಷ್ಟು ಅಂತರವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚೆಂಡನ್ನು ಮುಂದಕ್ಕೆ ಎಸೆಯಬಹುದು.

ಎಸೆಯುವ ಅನುಮತಿ ಸಿಕ್ಕಿತೆಂದು ಎಲ್ಲರೂ ಎಸೆಯತೊಡಗಲಿಲ್ಲ. ಯಾರ ಕೈಗೂ ತಾಗದೆ ನೆಲಕ್ಕೆ ಬಿದ್ದರೆ ಚೆಂಡು ಎದುರಾಳಿಯ ಪಾಲು. ಪೂರ್ವ ತೀರದ ದೊಡ್ಡ ತಂಡಗಳಿಗೆ ಇದು ಹೇಡಿಗಳ ಆಟದಂತೆ ಕಂಡಿತು. ಈ ನಡುವೆ ಮೂರು ವರ್ಷ ಕಾರ್ನೆಲ್‌ಗೆ ಹೋಗಿ 1907ರಲ್ಲಿ ಕಾರ್ಲೈಲ್‌ಗೆ ಮರಳಿದ್ದ ವಾರ್ನರ್, ಆಟಗಾರರಿಗೆ ಚೆಂಡನ್ನು ತಿರುಗಿಸುತ್ತ ಎಸೆಯುವುದನ್ನು ಕಲಿಸಿದ. ಮೊಟ್ಟೆಯಾಕಾರದ ಚೆಂಡು ತನ್ನ ಉದ್ದನೆಯ ಅಕ್ಷದ ಸುತ್ತ ತಿರುಗುತ್ತ ಹೋದರೆ ಗಾಳಿಯಲ್ಲಿ ಹೊರಳಾಡುವುದಿಲ್ಲ, ದೂರಕ್ಕೂ ಹೋಗುತ್ತದೆ, ಗುರಿಯೂ ತಪ್ಪುವುದಿಲ್ಲ. ಆಗಿನ ಚೆಂಡು ಈಗಿನದಕ್ಕಿಂತ ದಪ್ಪವಾಗಿತ್ತು, ಒಂದೇ ಕೈಯಲ್ಲಿ ಹಿಡಿಯುವುದೇ ಕಷ್ಟ. ಆದರೂ ಹುಡುಗರು ಕಲಿತರು. ಆ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಬಲಾಢ್ಯ ಪೆನ್ಸಿಲ್ವೇನಿಯಾ ತಂಡದೆದುರು ಪೀಟ್ ಹೌಸರ್ ಎಸೆದ ಚೆಂಡು ಸುಮಾರು ನಲವತ್ತು ಗಜ ಹಾರಿ ಓಡುತ್ತಿದ್ದ ಸಂಗಡಿಗನ ಕೈಗೆ ಬಿದ್ದಿತು. ಪ್ರೇಕ್ಷಕರು ಅಂಥದ್ದನ್ನು ಅದುವರೆಗೆ ನೋಡಿರಲಿಲ್ಲ. ಕಾರ್ಲೈಲ್ 26-6ರಿಂದ ಗೆದ್ದಿತು. ಮುಂದಿನ ವಾರಗಳಲ್ಲಿ ಹಾರ್ವರ್ಡ್ ಸೋತಿತು, ಸ್ಟ್ಯಾಗ್‌ನ ಚಿಕಾಗೋ ಸೋತಿತು. ಆ ವರ್ಷ ಕಾರ್ಲೈಲ್ ಸೋತದ್ದು ಪ್ರಿನ್ಸ್‌ಟನ್‌ಗೆ ಮಾತ್ರ.

ವಾರ್ನರ್‌ನ ಹೆಸರಿನೊಂದಿಗೆ ಸದಾ ಬರುವ ‘ಸಿಂಗಲ್ ವಿಂಗ್’ ವ್ಯೂಹ ಇದೇ ಬದಲಾವಣೆಗಳ ಮಗು. ಅದಕ್ಕೆ ಮೊದಲು ರೂಢಿಯಲ್ಲಿದ್ದ ವ್ಯೂಹದಲ್ಲಿ ಏಳು ಮಂದಿ ಸಾಲಾಗಿ ನಿಲ್ಲುತ್ತಿದ್ದರು. ನಡುವಿನವನ ಬೆನ್ನಿಗೆ ಅಂಟಿಕೊಂಡು ಕ್ವಾರ್ಟರ್‌ಬ್ಯಾಕ್, ಅವನ ಹಿಂದೆ ಮೂವರು. ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬಂದು, ಅವನಿಂದ ಇನ್ನೊಬ್ಬನಿಗೆ ಹೋಗಬೇಕು. ವಾರ್ನರ್ ಮೂರು ಕಡೆ ಕೈಹಾಕಿದ. ಮೊದಲನೆಯದಾಗಿ, ನಡುವಿನವ ಚೆಂಡನ್ನು ನಾಲ್ಕೈದು ಗಜ ಹಿಂದೆ ನಿಂತ ಟೇಲ್‌ಬ್ಯಾಕ್‌ಗೆ ನೇರವಾಗಿ ಎಸೆದುಕೊಡುವಂತೆ ಮಾಡಿದ. ಕ್ವಾರ್ಟರ್‌ಬ್ಯಾಕ್ ಈಗ ಚೆಂಡು ಹಂಚುವವನಲ್ಲ, ದಾರಿ ಬಿಡಿಸುವವನು. ಆಮೇಲೆ ಸಾಲನ್ನೇ ಒಂದು ಬದಿಗೆ ಭಾರವಾಗಿಸಿದ. ನಡುವಿನವನ ಒಂದು ಕಡೆ ನಾಲ್ವರು, ಇನ್ನೊಂದು ಕಡೆ ಇಬ್ಬರೇ. ಕೊನೆಯದಾಗಿ, ಹಿಂದೆ ನಿಲ್ಲುತ್ತಿದ್ದ ಒಬ್ಬನನ್ನು ಭಾರದ ಬದಿಯ ತುದಿಯಾಚೆಗೆ, ಸಾಲಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲಿಸಿದ. ಇವನೇ ‘ವಿಂಗ್’.

ಇದರಿಂದ ಏನಾಯಿತು? ಎದುರಾಳಿ ಸಾಲಿನಲ್ಲಿ ಟ್ಯಾಕಲ್ ಎಂಬ ಸ್ಥಾನದಲ್ಲಿ ನಿಲ್ಲುವವನು ಸಾಮಾನ್ಯವಾಗಿ ತಂಡದ ಅತಿ ಬಲಶಾಲಿ. ಈಗ ಅವನನ್ನು ಒಳಗಿನಿಂದ ಒಬ್ಬ, ಹೊರಗಿನಿಂದ ವಿಂಗ್ ಆಟಗಾರ, ಹೀಗೆ ಇಬ್ಬರು ಓರೆಯಾಗಿ ತಳ್ಳಬಹುದು. ನೇರಾನೇರ ಒಬ್ಬನಿಗೆ ಒಬ್ಬ ಎದುರಾದರೆ ತೂಕವುಳ್ಳವನೇ ಗೆಲ್ಲುತ್ತಾನೆ. ಓರೆಯಲ್ಲಿ ಇಬ್ಬರು ಬಂದರೆ ಹಗುರದವರೂ ಗೆಲ್ಲುತ್ತಾರೆ. ಅಷ್ಟರಲ್ಲಿ ಹಿಂದೆ ಚೆಂಡು ಹಿಡಿದ ಟೇಲ್‌ಬ್ಯಾಕ್‌ಗೆ ಒಂದು ಕ್ಷಣ ಹೆಚ್ಚು ಸಿಗುತ್ತದೆ. ಅವನು ಓಡಬಹುದು, ಎಸೆಯಬಹುದು, ಒದೆಯಬಹುದು. ಯಾವುದೆಂದು ಎದುರಾಳಿಗೆ ಮೊದಲೇ ತಿಳಿಯುವುದಿಲ್ಲ. ಮುಂದೆ ಎರಡೂ ತುದಿಗಳಲ್ಲಿ ಒಬ್ಬೊಬ್ಬನನ್ನು ನಿಲ್ಲಿಸಿ ‘ಡಬಲ್ ವಿಂಗ್’ ಮಾಡಿದ. ಮುಂದಿನ ಮೂರು ದಶಕಗಳ ಕಾಲ ಅಮೆರಿಕದ ಬಹುಪಾಲು ತಂಡಗಳು ಇದರ ಒಂದಲ್ಲ ಒಂದು ರೂಪವನ್ನು ಆಡಿದವು. ಇಂದಿಗೂ ದೂರದಲ್ಲಿ ನಿಂತ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡನ್ನು ನೇರವಾಗಿ ಹಿಂದಕ್ಕೆಸೆಯುವುದನ್ನು ಕಂಡಾಗ ಹಳಬರು ವಾರ್ನರ್‌ನನ್ನು ನೆನೆಯುತ್ತಾರೆ.

ಈ ವ್ಯೂಹಕ್ಕೆ ಹೇಳಿಮಾಡಿಸಿದಂಥ ಟೇಲ್‌ಬ್ಯಾಕ್ ಅವನ ಶಾಲೆಯಲ್ಲೇ ಇದ್ದ. ಓಕ್ಲಹೋಮಾದ ಸ್ಯಾಕ್ ಮತ್ತು ಫಾಕ್ಸ್ ಜನಾಂಗದ ಜಿಮ್ ಥಾರ್ಪ್. 1911ರಲ್ಲಿ ಕಾರ್ಲೈಲ್ ಹಾರ್ವರ್ಡನ್ನು 18-15ರಿಂದ ಸೋಲಿಸಿದಾಗ ಕಾಲಿಗೆ ಪಟ್ಟಿ ಸುತ್ತಿಕೊಂಡು ನಾಲ್ಕು ಫೀಲ್ಡ್ ಗೋಲ್, ಅಂದರೆ ಚೆಂಡನ್ನು ಗೋಲು ಕಂಬಗಳ ನಡುವೆ ಒದ್ದು ಗಳಿಸುವ ಅಂಕ, ಒದ್ದವನು. ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ. ಅದೇ ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಯಲ್ಲಿ ಪಂದ್ಯ. ವುಂಡೆಡ್ ನೀ ಎಂಬಲ್ಲಿ ಸೈನ್ಯ ಲಕೋಟಾ ಜನರ ಮಾರಣಹೋಮ ನಡೆಸಿ ಇನ್ನೂ 22 ವರ್ಷ ತುಂಬಿರಲಿಲ್ಲ. ಎದುರಿಗಿದ್ದವರು ಮುಂದಿನ ಸೇನಾಧಿಕಾರಿಗಳು. ಮುಂದೊಂದು ದಿನ ದೇಶದ ಅಧ್ಯಕ್ಷನಾಗಲಿದ್ದ ಡ್ವೈಟ್ ಐಸೆನ್‌ಹೋವರ್ ಕೂಡ ಅವರಲ್ಲಿದ್ದ. ವಾರ್ನರ್ ಅಂದು ಡಬಲ್ ವಿಂಗ್ ಹೊರತೆಗೆದ. ಸೇನೆಯ ಹುಡುಗರಿಗೆ ಎಡವೋ ಬಲವೋ ಅರ್ಥವಾಗಲಿಲ್ಲ. ಕಾರ್ಲೈಲ್ 27, ಸೇನೆ 6.

ಎರಡು ತಿಂಗಳಲ್ಲಿ ಎಲ್ಲ ತಿರುಗಿಬಿತ್ತು. ಥಾರ್ಪ್ 1909 ಮತ್ತು 1910ರ ಬೇಸಿಗೆಗಳಲ್ಲಿ ಉತ್ತರ ಕೆರೊಲಿನಾದಲ್ಲಿ ಚಿಲ್ಲರೆ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ ಎಂಬ ಸುದ್ದಿ 1913ರ ಜನವರಿಯಲ್ಲಿ ಪತ್ರಿಕೆಗೆ ಬಂದಿತು. ಒಲಿಂಪಿಕ್ಸ್ ಆಗ ಹವ್ಯಾಸಿಗಳಿಗೆ ಮಾತ್ರ. ಬೇಸಿಗೆಯಲ್ಲಿ ಹೀಗೆ ಆಡುವುದು ಕಾಲೇಜು ಹುಡುಗರಲ್ಲಿ ಸಾಮಾನ್ಯವಾಗಿತ್ತು. ಬಹಳ ಮಂದಿ ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ಥಾರ್ಪ್ ಸ್ವಂತ ಹೆಸರಿನಲ್ಲಿ ಆಡಿದ್ದ. ನನಗೇನೂ ಗೊತ್ತಿರಲಿಲ್ಲ ಎಂದ ವಾರ್ನರ್. ತನ್ನ ಅತ್ಯುತ್ತಮ ಆಟಗಾರ ಎರಡು ವರ್ಷ ಶಾಲೆ ಬಿಟ್ಟು ಎಲ್ಲಿ ಹೋಗಿದ್ದನೆಂದು ಅವನ ಕೋಚ್‌ಗೆ ತಿಳಿದಿರಲಿಲ್ಲ ಎಂಬುದನ್ನು ನಂಬಲು ನನಗೆ ಆಗುವುದಿಲ್ಲ. ಇತಿಹಾಸಕಾರರಲ್ಲಿ ಬಹುಪಾಲು ಜನರಿಗೂ ಆಗಿಲ್ಲ. ಥಾರ್ಪ್‌ನ ಹೆಸರಿನಲ್ಲಿ ಒಂದು ತಪ್ಪೊಪ್ಪಿಗೆಯ ಪತ್ರ ಹೋಯಿತು. ತಾನು ಏನೂ ಅರಿಯದ ಶಾಲಾ ಹುಡುಗ, ಮನ್ನಿಸಿ ಎಂಬ ಧಾಟಿಯ ಆ ಪತ್ರದ ಹಿಂದೆ ವಾರ್ನರ್‌ನ ಕೈಯಿತ್ತೆಂದೇ ಸಾಮಾನ್ಯವಾಗಿ ಹೇಳುತ್ತಾರೆ. ಪದಕಗಳು ಹೋದವು. ಕೋಚ್‌ನ ಹೆಸರಿಗೆ ಕಲೆ ಹತ್ತಲಿಲ್ಲ. ಥಾರ್ಪ್ 1953ರಲ್ಲಿ ತೀರಿಕೊಂಡ. ಆ ಎರಡು ಸ್ಪರ್ಧೆಗಳ ಏಕೈಕ ವಿಜೇತನೆಂದು ಒಲಿಂಪಿಕ್ ಸಮಿತಿ ಅವನನ್ನು ಪೂರ್ಣವಾಗಿ ಒಪ್ಪಿದ್ದು 2022ರಲ್ಲಿ.

ಕಾರ್ಲೈಲ್ ಫುಟ್‌ಬಾಲ್‌ನಲ್ಲಿ ಏನೋ ಸರಿಯಿಲ್ಲ ಎಂಬ ಮಾತು ಅದಕ್ಕೂ ಮೊದಲೇ ಎದ್ದಿತ್ತು. ಯಾವಪೈ ಜನಾಂಗದ ವೈದ್ಯ, ಹಿಂದೆ ಅದೇ ಶಾಲೆಯಲ್ಲಿ ಕೆಲಸ ಮಾಡಿದ್ದ ಕಾರ್ಲೋಸ್ ಮಾಂಟೆಜೂಮಾ 1907ರಲ್ಲೇ ಪತ್ರಿಕೆಯಲ್ಲಿ ಬರೆದಿದ್ದ: ಅಲ್ಲಿ ಆಡುತ್ತಿರುವವರು ವಿದ್ಯಾರ್ಥಿಗಳಲ್ಲ, ಹಣ ಪಡೆಯುವ ವೃತ್ತಿ ಆಟಗಾರರು. ಆಟದಿಂದ ಬರುತ್ತಿದ್ದ ಹಣ ಕ್ರೀಡಾ ಸಂಘವೊಂದರ ಖಾತೆಗೆ ಹೋಗುತ್ತಿತ್ತು. ಸರ್ಕಾರಿ ಶಾಲೆಯಾದರೂ ಆ ಖಾತೆ ಸರ್ಕಾರದ ಲೆಕ್ಕದಲ್ಲಿರಲಿಲ್ಲ. ಆಟಗಾರರಿಗೆ ಸಾಲವೆಂದು ಹಣ ಕೊಡುವುದು, ಬಟ್ಟೆ ಕೊಡಿಸುವುದು, ಎಲ್ಲ ಅಲ್ಲಿಂದಲೇ. ಇದೂ ನಿಯಮದ ಸಂದೇ, ಚೆಂಡಿನ ಬದಲು ಇಲ್ಲಿದ್ದದ್ದು ಹಣ.

1914ರ ಆರಂಭದಲ್ಲಿ 200ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಹಿ ಹಾಕಿದ ಅರ್ಜಿ ವಾಷಿಂಗ್ಟನ್ ತಲುಪಿತು. ಕಾಂಗ್ರೆಸ್ಸಿನ ಜಂಟಿ ಸಮಿತಿ ಶಾಲೆಗೇ ಬಂದು ವಿಚಾರಣೆ ನಡೆಸಿತು. ಅರ್ಜಿಯ ಹಿಂದಿದ್ದವರಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಕೂಡ ಒಬ್ಬ. ವಾರ್ನರ್ ಹುಡುಗರನ್ನು ಹೊಲಸು ಮಾತಿನಲ್ಲಿ ಬೈಯುತ್ತಾನೆ, ಹೋಟೆಲಿನ ಪಡಸಾಲೆಯಲ್ಲಿ ನಿಂತು ಪಂದ್ಯದ ಟಿಕೆಟ್ ಮಾರಿಕೊಳ್ಳುತ್ತಾನೆ, ತನ್ನ ತಂಡದ ಪಂದ್ಯಗಳ ಮೇಲೇ ಬಾಜಿ ಕಟ್ಟುತ್ತಾನೆ ಎಂದು ಆಟಗಾರರು ಸಾಕ್ಷಿ ನುಡಿದರು. ಫುಟ್‌ಬಾಲ್ ಕೋಚ್ ಆಗಿ ಒಳ್ಳೆಯವನೇ, ಆದರೆ ನೀತಿಯಿಲ್ಲದ ಮನುಷ್ಯ ಎಂದ ವೆಲ್ಚ್. ವಾರ್ನರ್‌ನ ಬಗ್ಗೆ ಆಮೇಲೆ ಬಂದ ಎಷ್ಟೋ ಪುಟಗಳ ವಿಶ್ಲೇಷಣೆಗಳಲ್ಲಿ ಆ ಹುಡುಗನ ಒಂದು ವಾಕ್ಯದಷ್ಟು ಸಮತೂಕ ನನಗೆ ಕಂಡಿಲ್ಲ. ಶಾಲೆಯ ಮುಖ್ಯಸ್ಥ ಹುದ್ದೆ ಕಳೆದುಕೊಂಡ. ವಾರ್ನರ್ ಇನ್ನೊಂದು ಋತು ಉಳಿದ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದ ಋತು ಅದು. ನಂತರ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಅವನನ್ನು ಕರೆದುಕೊಂಡಿತು. ಕಾರ್ಲೈಲ್ ಶಾಲೆ 1918ರಲ್ಲಿ ಮುಚ್ಚಿತು.

ಉಳಿದದ್ದನ್ನು ಬೇಗ ಹೇಳಬಹುದು, ಏಕೆಂದರೆ ಅದು ಬಹುಮಟ್ಟಿಗೆ ಗೆಲುವಿನ ಪಟ್ಟಿ. ಪಿಟ್ಸ್‌ಬರ್ಗ್‌ನಲ್ಲಿ 1915, 1916, 1917, ಮೂರು ಋತುಗಳಲ್ಲಿ ಒಂದೂ ಸೋಲಿಲ್ಲ. 1922ರಲ್ಲೇ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕರೆಗೆ ಸಹಿ ಹಾಕಿದ. ಆದರೆ ಪಿಟ್ಸ್‌ಬರ್ಗ್‌ನೊಂದಿಗಿನ ಒಪ್ಪಂದ ಇನ್ನೂ ಎರಡು ವರ್ಷವಿತ್ತು. ಅದನ್ನು ಮುರಿಯದೆ ತನ್ನ ಸಹಾಯಕರನ್ನು ಮುಂದಾಗಿ ಕಳಿಸಿ, ತಾನು 1924ರಲ್ಲಿ ಹೋದ. ಒಪ್ಪಂದದ ಅಕ್ಷರಕ್ಕೆ ಅವನು ಯಾವತ್ತೂ ನಿಷ್ಠ. 1925ರ ಹೊಸವರ್ಷದ ದಿನ ರೋಸ್ ಬೌಲ್ ಎಂಬ ಕಾಲೇಜು ತಂಡಗಳ ದೊಡ್ಡ ಪಂದ್ಯದಲ್ಲಿ ಕೋಚ್ ಕ್ನೂಟ್ ರಾಕ್ನಿಯ ನೋಟರ್ ಡೇಮ್ ತಂಡ ಎದುರಾಯಿತು. ವಾರ್ನರ್‌ನ ಆಟಗಾರ ಎರ್ನಿ ನೆವರ್ಸ್‌ನ ಎರಡೂ ಕಣಕಾಲುಗಳು ಆ ಋತುವಿನಲ್ಲಿ ಮುರಿದಿದ್ದವು. ಅಲ್ಯೂಮಿನಿಯಂ ತುಂಡುಗಳನ್ನೂ ಟ್ಯೂಬಿನ ರಬ್ಬರನ್ನೂ ಸೇರಿಸಿ ವಾರ್ನರ್ ತಾನೇ ಅವನ ಕಾಲಿಗೆ ಆಸರೆ ಮಾಡಿಕೊಟ್ಟ. ಕೈಕೆಲಸದಲ್ಲಿ ಅವನದು ಪಳಗಿದ ಕೈ, ಬಿಡುವಿನಲ್ಲಿ ಜಲವರ್ಣ ಚಿತ್ರವನ್ನೂ ಬಿಡಿಸುತ್ತಿದ್ದ. ನೆವರ್ಸ್ ಪೂರ್ತಿ ಅರವತ್ತು ನಿಮಿಷ ಆಡಿ 114 ಗಜ ಓಡಿದ. ಆದರೂ ಸ್ಟ್ಯಾನ್‌ಫರ್ಡ್ 27-10ರಲ್ಲಿ ಸೋತಿತು. ನೆವರ್ಸ್ ಎಸೆದ ಎರಡು ಚೆಂಡುಗಳನ್ನು ನಡುವೆಯೇ ಹಿಡಿದು, ಗೋಲು ಗೆರೆಯಾಚೆ ಒಯ್ದು, ನೋಟರ್ ಡೇಮ್‌ನ ಎಲ್ಮರ್ ಲೇಡನ್ ಎರಡು ಟಚ್‌ಡೌನ್ ಗಳಿಸಿದ. ಕೊನೆಯ ವರ್ಷಗಳಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಎದುರು ಮೇಲಿಂದ ಮೇಲೆ ಸೋತು, 1933ರಲ್ಲಿ ವಾರ್ನರ್ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯಕ್ಕೆ ಹೋದ.

ಅಲ್ಲಿದ್ದಾಗ ನಡೆದ ಒಂದು ಸಣ್ಣ ಘಟನೆಯಿಂದಲೇ ಇಂದಿನ ಅಮೆರಿಕದ ಮಕ್ಕಳಿಗೆ ಅವನ ಹೆಸರು ಗೊತ್ತು. ಜೋ ಟಾಮ್ಲಿನ್ ಎಂಬವನು ಪುಂಡಾಟದ ಹುಡುಗರಿಗೆ ಕೆಲಸ ಕೊಡಲೆಂದು 1929ರಲ್ಲಿ ಮಕ್ಕಳ ಫುಟ್‌ಬಾಲ್ ಲೀಗ್ ಶುರುಮಾಡಿದ್ದ. 1934ರ ಏಪ್ರಿಲ್‌ನಲ್ಲಿ ಮಾತನಾಡಲು ಹತ್ತಾರು ಕೋಚ್‌ಗಳನ್ನು ಕರೆದಿದ್ದ. ಗಾಳಿ ಮಳೆಗೆ ಹೆದರಿ ಯಾರೂ ಬರಲಿಲ್ಲ. ಬಂದವನು ವಾರ್ನರ್ ಒಬ್ಬನೇ. ಎರಡು ಗಂಟೆ ಹುಡುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟ. ಸಭೆ ಮುಗಿಯುವಷ್ಟರಲ್ಲಿ ಲೀಗಿಗೆ ಅವನ ಹೆಸರಿಡುವುದು ನಿಶ್ಚಯವಾಗಿತ್ತು. ಇಂದು ದೇಶವಿಡೀ ಲಕ್ಷಾಂತರ ಮಕ್ಕಳು ‘ಪಾಪ್ ವಾರ್ನರ್’ ಆಡುತ್ತಾರೆ. 1938ರಲ್ಲಿ ಟೆಂಪಲ್ ಬಿಟ್ಟ ಅವನು 1954ರ ಸೆಪ್ಟೆಂಬರ್ 7ರಂದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ತೀರಿಕೊಂಡ.

ಅವನ ಗೆಲುವುಗಳನ್ನು ಬಹುಕಾಲ 313 ಎಂದು ಎಣಿಸುತ್ತಿದ್ದರು. ಸ್ಟ್ಯಾಗ್‌ನ 314ಕ್ಕಿಂತ ಒಂದು ಕಡಿಮೆ. ಆಮೇಲೆ ಹಳೆಯ ಕಡತಗಳನ್ನು ತಿರುವಿ 319 ಮಾಡಿದರು. ಅದರಲ್ಲಿ 114 ಗೆಲುವುಗಳು ಕಾರ್ಲೈಲ್‌ನವು. ಕಾಲೇಜು ಫುಟ್‌ಬಾಲ್‌ನ ದಾಖಲೆಯಲ್ಲಿ ಅವು ಸೇರಿರುವುದು ಒಂದು ವಿಚಿತ್ರ, ಏಕೆಂದರೆ ಕಾರ್ಲೈಲ್ ಕಾಲೇಜೇ ಆಗಿರಲಿಲ್ಲ. ಅರ್ಧ ದಿನ ಬಡಗಿತನವನ್ನೋ ಹೊಲಿಗೆಯನ್ನೋ ಕಲಿಸಿ, ಉಳಿದರ್ಧ ದಿನ ಶಾಲಾ ಮಟ್ಟದ ಪಾಠ ಹೇಳುತ್ತಿದ್ದ ಜಾಗ ಅದು. ಅಲ್ಲಿಂದ ಪದವಿ ಪಡೆದು ಹೊರಬಂದ ಆಟಗಾರ ಒಬ್ಬನೂ ಇಲ್ಲ. ಆ ಶಾಲೆಗೆ ಪದವಿ ಕೊಡುವ ಅಧಿಕಾರವೇ ಇರಲಿಲ್ಲ.